4 ನಂಬಬೇಕೋ, 13 ನಂಬಬೇಕೋ? ಅಪ್ಪನ ಖಿನ್ನತೆ ಅಳೆದ ಎರಡು ಪಟ್ಟಿಗಳು

ಕತ್ತರಿಗುಪ್ಪೆ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಅಪ್ಪನಿಗೆ 74 ವರ್ಷ. ಅಮ್ಮ ಹೋಗಿ 14 ತಿಂಗಳಾಯಿತು. ಅಪ್ಪನಿಗೆ 20 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ. ಮೊದಲೆಲ್ಲಾ ಬೆಳಿಗ್ಗೆ ಐದೂವರೆಗೆ ಎದ್ದು ಪಾರ್ಕಿಗೆ ಹೋಗಿ, ಬರುವಾಗ ಹಾಲು ತರುತ್ತಿದ್ದರು. ಬಂದು ಪೇಪರ್ ಪೂರ್ತಿ ಓದುತ್ತಿದ್ದರು. ಈಗ ಪೇಪರ್ ಮಧ್ಯಾಹ್ನದವರೆಗೂ ಬಾಗಿಲಲ್ಲೇ ಬಿದ್ದಿರುತ್ತದೆ. ಕೇಳಿದರೆ "ಏನಿಲ್ಲಮ್ಮ, ಸುಸ್ತು" ಅನ್ನುತ್ತಾರೆ ಅಷ್ಟೇ. ಅವರು ಅತ್ತಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಎರಡು ತಿಂಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಆರೋಗ್ಯ ತಪಾಸಣೆ ಶಿಬಿರ ಇತ್ತು. ಬಿಪಿ, ಶುಗರ್ ನೋಡಿದ ಮೇಲೆ ಒಬ್ಬ ಹುಡುಗ ಅಪ್ಪನನ್ನು ಕೂರಿಸಿಕೊಂಡು 15 ಪ್ರಶ್ನೆ ಕೇಳಿದ. ಎಲ್ಲಕ್ಕೂ ಹೌದು ಅಥವಾ ಇಲ್ಲ ಅನ್ನಬೇಕು. ಅದು ಜಿಡಿಎಸ್-15, ವಯಸ್ಸಾದವರಿಗೇ ಮಾಡಿದ ಪಟ್ಟಿ ಅಂದ. 4 ಬಂತು. "ನಾರ್ಮಲ್" ಅಂತ ಬರೆದುಕೊಟ್ಟ.

ಮೂರು ವಾರ ಬಿಟ್ಟು ಸಕ್ಕರೆ ಡಾಕ್ಟರ ಹತ್ತಿರ ಹೋದಾಗ ಅಲ್ಲಿ ಬೇರೆ ಫಾರಂ ಕೊಟ್ಟರು, ಪಿಎಚ್‌ಕ್ಯೂ-9. ಇಂಗ್ಲಿಷಿನಲ್ಲಿತ್ತು. ನಾನೇ ಓದಿ, ಅಲ್ಲೇ ಕನ್ನಡ ಮಾಡಿ ಕೇಳಿ ತುಂಬಿದೆ. 13 ಬಂತು. "ಮಧ್ಯಮ ಮಟ್ಟದ ಖಿನ್ನತೆ ಇರಬಹುದು, ಮಾನಸಿಕ ತಜ್ಞರಿಗೆ ತೋರಿಸಿ" ಅಂದರು.

ಅಣ್ಣ ಪುಣೆಯಲ್ಲಿದ್ದಾನೆ. ವಯಸ್ಸಾದವರಿಗೇ ಮಾಡಿದ ಪಟ್ಟಿಯಲ್ಲಿ ನಾರ್ಮಲ್ ಬಂದಿದೆ, ಸುಮ್ನೆ ಮಾತ್ರೆ ಯಾಕೆ ಅಂತಾನೆ. ಯಾವುದನ್ನು ನಂಬಲಿ? ವಯಸ್ಸಾದವರಿಗೆ ಯಾವ ಸ್ಕೇಲ್ ಸರಿ?

ಮನಶ್ಶಾಸ್ತ್ರಜ್ಞೆ, ಜಯನಗರ

ನಿಮ್ಮ ಪ್ರಶ್ನೆ ಬಹಳ ಮನೆಗಳಲ್ಲಿ ಬರುತ್ತದೆ. ಇವೆರಡೂ ಬೇರೆ ಬೇರೆ ಉದ್ದೇಶದಿಂದ ಹುಟ್ಟಿದ ಪಟ್ಟಿಗಳು.

ವಯಸ್ಸಾದವರಿಗೆ ನಿದ್ದೆ ಕಡಿಮೆ, ಹಸಿವು ಕಡಿಮೆ, ಸುಸ್ತು ಜಾಸ್ತಿ. ಇವು ಸಕ್ಕರೆ ಕಾಯಿಲೆಯಿಂದಲೂ ಬರಬಹುದು, ಹೃದಯದ ತೊಂದರೆಯಿಂದಲೂ ಬರಬಹುದು. ಅದಕ್ಕೇ ಅಮೆರಿಕದ ಮನೋವೈದ್ಯ ಯೆಸಾವೇಜ್ ಮತ್ತು ಅವರ ಜೊತೆಗಾರರು 1980ರ ದಶಕದ ಮೊದಲಲ್ಲಿ 30 ಪ್ರಶ್ನೆಗಳ ಜಿಡಿಎಸ್ ಮಾಡಿದಾಗ ಮೈಗೆ ಸಂಬಂಧಿಸಿದ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು. 1986ರಲ್ಲಿ ಅದನ್ನು 15ಕ್ಕೆ ಇಳಿಸಿದರು. ಅದರಲ್ಲಿ ನಿದ್ದೆಯ ಪ್ರಶ್ನೆ ಇಲ್ಲ, ಊಟದ ಪ್ರಶ್ನೆ ಇಲ್ಲ. ಹಿಂದಿನ ಒಂದು ವಾರ ಹೇಗಿತ್ತು ಅಂತ ಕೇಳುತ್ತದೆ.

ಪಿಎಚ್‌ಕ್ಯೂ-9 ಬಂದಿದ್ದು 2001ರಲ್ಲಿ. ಎಲ್ಲಾ ವಯಸ್ಸಿನ ದೊಡ್ಡವರಿಗೂ ಬಳಸಬಹುದು. ಖಿನ್ನತೆ ಅಂತ ಹೇಳಲು ಮನೋವೈದ್ಯರು ನೋಡುವ 9 ಲಕ್ಷಣಗಳೇ ಅದರ 9 ಪ್ರಶ್ನೆಗಳು. ಒಂದೊಂದಕ್ಕೆ 0ಯಿಂದ 3, ಒಟ್ಟು 27. ಹಿಂದಿನ ಎರಡು ವಾರದ ಲೆಕ್ಕ. 5, 10, 15, 20 ಅದರ ಮೆಟ್ಟಿಲುಗಳು. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ನೋಡಲೇಬೇಕು. ಇದರಲ್ಲಿ ನಿದ್ದೆ, ಸುಸ್ತು, ಹಸಿವು, ನಿಧಾನವಾಗುವುದು ಎಲ್ಲಾ ಇದೆ.

ಒಂದೊಂದು ಪ್ರಶ್ನೆಗೆ ಎಷ್ಟು ಬಂತು ಅಂತ ಬರೆಯಿರಿ. ಒಟ್ಟು ಮೊತ್ತದಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಎರಡೂ ಹಾಳೆ ಇವೆಯಾ?

ಕತ್ತರಿಗುಪ್ಪೆ ಮಗಳು

ಇವೆ ಮೇಡಂ. ಪಿಎಚ್‌ಕ್ಯೂ ಹೀಗಿದೆ: ಆಸಕ್ತಿ 2, ಮನಸ್ಸು ಕುಗ್ಗಿರುವುದು 1, ನಿದ್ದೆ 3, ಸುಸ್ತು 3, ಹಸಿವು 2, ತನ್ನ ಬಗ್ಗೆ ಕೀಳು ಭಾವನೆ 0, ಗಮನ 1, ನಿಧಾನ 1, ಸಾವಿನ ಯೋಚನೆ 0.

ಶಿಬಿರದ ಹಾಳೆಯಲ್ಲಿ 2, 4, 5, 9ನೇ ಪ್ರಶ್ನೆಗೆ ಮಾತ್ರ "ಹೌದು" ಇದೆ. ಉಳಿದದ್ದಕ್ಕೆಲ್ಲಾ "ಇಲ್ಲ". ಹಾಗಾಗಿ 4.

ಸಿಸ್ಟರ್, ಯಶವಂತಪುರ

ಒಂದು ನಿಮಿಷ ಅಕ್ಕ. ಆ 4 ತಪ್ಪು ಲೆಕ್ಕ.

ನಾನು ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್. ಜಿಡಿಎಸ್ ನೂರಾರು ಸಲ ಮಾಡಿದ್ದೀನಿ. ಅದರಲ್ಲಿ 5 ಪ್ರಶ್ನೆಗಳು ತಿರುಗುಮುರುಗು. 1, 5, 7, 11, 13. ಬದುಕು ತೃಪ್ತಿ ಇದೆಯಾ, ಮನಸ್ಸು ಲವಲವಿಕೆಯಿಂದ ಇದೆಯಾ, ಬಹಳ ಹೊತ್ತು ಸಂತೋಷವಾಗಿರುತ್ತೀರಾ, ಬದುಕಿರುವುದೇ ಸೊಗಸು ಅನ್ನಿಸುತ್ತಾ, ಮೈಯಲ್ಲಿ ಹುರುಪು ಇದೆಯಾ. ಇವಕ್ಕೆ "ಇಲ್ಲ" ಅಂದರೆ ಒಂದು ಅಂಕ. ಉಳಿದ ಹತ್ತಕ್ಕೆ "ಹೌದು" ಅಂದರೆ ಅಂಕ. ಆ ಹುಡುಗ ಬರೀ "ಹೌದು"ಗಳನ್ನು ಎಣಿಸಿದ್ದಾನೆ.

ನಿಮ್ಮ ಅಪ್ಪ 5ಕ್ಕೆ ಹೌದು ಅಂದಿದ್ದಾರೆ, ಅದನ್ನು ತೆಗೆಯಿರಿ, ಉಳಿದದ್ದು 3. ಆಮೇಲೆ 1, 7, 11, 13ಕ್ಕೆ ಇಲ್ಲ ಅಂದಿದ್ದಾರಲ್ವಾ, ನಾಲ್ಕು ಸೇರಿಸಿ. 7 ಆಯಿತು. 5 ದಾಟಿದರೆ ವಿಚಾರಿಸಲೇಬೇಕು. ಅಂದರೆ ಎರಡು ಪಟ್ಟಿಯೂ ಒಂದೇ ಮಾತು ಹೇಳುತ್ತಿವೆ.

ಇನ್ನೊಂದು ಕೇಳಬೇಕು. ಶಿಬಿರದಲ್ಲಿ ಅಪ್ಪನ ಅಕ್ಕಪಕ್ಕ ಯಾರಾದರೂ ಇದ್ದರಾ?

ಕತ್ತರಿಗುಪ್ಪೆ ಮಗಳು

ಇದನ್ನು ಓದಿ ಕೈಕಾಲು ತಣ್ಣಗಾಯಿತು. ಎರಡು ತಿಂಗಳು ನಾರ್ಮಲ್ ಅಂತ ನಂಬಿಕೊಂಡು ಕೂತಿದ್ದೆವು.

ಹೌದು ಸಿಸ್ಟರ್. ಹಿಂದೆ ಕುರ್ಚಿಯಲ್ಲಿ ನಾಲ್ಕೈದು ಜನ ಸರದಿಗೆ ಕಾಯುತ್ತಿದ್ದರು. ಎಲ್ಲರೂ ಅಪ್ಪನ ಪಾರ್ಕ್ ಸ್ನೇಹಿತರು.

ನಿವೃತ್ತ ಮೇಷ್ಟ್ರು, ಹನುಮಂತನಗರ

ತಾಯಿ, ನನಗೆ 71. ನಾನೂ ಹೆಂಡತಿಯನ್ನು ಕಳೆದುಕೊಂಡವನು. ಪ್ರಶ್ನೆ ಕೇಳಿಸಿಕೊಳ್ಳುವವರ ಕಡೆಯಿಂದ ಎರಡು ಮಾತು ಹೇಳಬೇಕು ಅನ್ನಿಸಿತು.

ಸ್ನೇಹಿತರ ಎದುರಿಗೆ ಯಾವ ಗಂಡಸು "ನನ್ನ ಬದುಕು ಖಾಲಿಯಾಗಿದೆ" ಅಂತಾನೆ? ನಿಮ್ಮ ತಂದೆ "ಲವಲವಿಕೆಯಿಂದ ಇದ್ದೀರಾ" ಅಂದಾಗ "ಹೌದು" ಅಂದದ್ದು ಹಿಂದೆ ಕೂತಿದ್ದವರಿಗೆ ಕೇಳಲಿ ಅಂತ ಇರಬಹುದು.

ಎರಡನೆಯದು ಭಾಷೆ. ನನಗೂ ಒಂದು ಕಡೆ ಈ ಪ್ರಶ್ನೆಗಳನ್ನು ಕೇಳಿದ್ದರು. "ಈಗ ಜೀವಂತವಾಗಿರುವುದು ಅದ್ಭುತವೆಂದು ನೀವು ಭಾವಿಸುತ್ತೀರಾ?" ನಾನು ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದವನು. ಆ ವಾಕ್ಯ ನನ್ನ ಮನಸ್ಸಿಗೆ ತಾಗಲೇ ಇಲ್ಲ. ನಮ್ಮ ಕಡೆ ಯಾರೂ ಹಾಗೆ ಮಾತಾಡುವುದಿಲ್ಲ. ದೇವರು ಇಟ್ಟ ಹಾಗೆ ಇದ್ದೀನಿ ಅಂತೀವಿ. ಅದಕ್ಕೆ ಹೌದು ಹಾಕಬೇಕೋ, ಇಲ್ಲ ಹಾಕಬೇಕೋ?

"ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲೇ ಇರಲು ಇಷ್ಟವೇ?" ಇದೂ ಇದೆ. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಕೆಳಗಿಳಿದರೆ ಫುಟ್‌ಪಾತ್ ಕಲ್ಲು ಎದ್ದಿವೆ, ಉಳಿದ ಜಾಗದಲ್ಲಿ ಸ್ಕೂಟರ್ ನಿಂತಿರುತ್ತವೆ. ಮಂಡಿ ನೋವಿರುವವರು ಹೌದು ಅನ್ನದೆ ಇನ್ನೇನು ಅನ್ನುತ್ತಾರೆ? ಅದಕ್ಕೂ ಒಂದು ಅಂಕ ಹಾಕುತ್ತಾರೆ. ಮೈಯ ಪ್ರಶ್ನೆ ಬಿಟ್ಟಿದ್ದಾರೆ ಅಂತ ಮೇಡಂ ಹೇಳಿದರು. ಆದರೆ ಹೀಗೆ ಹಿಂಬಾಗಿಲಿನಿಂದ ಮೈ ಬಂದೇ ಬರುತ್ತದೆ.

ಮನಶ್ಶಾಸ್ತ್ರಜ್ಞೆ, ಜಯನಗರ

ಮೇಷ್ಟ್ರೇ, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಸಿಸ್ಟರ್ ಕಣ್ಣಿಗೆ ಬಿದ್ದದ್ದು ನನಗೆ ಮೊದಲೇ ಹೊಳೆಯಬೇಕಿತ್ತು, ಅವರಿಗೆ ಧನ್ಯವಾದ.

ಭಾಷೆಯ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ. ನಮ್ಮ "ಬೇಜಾರು" ಬಹಳ ದೊಡ್ಡ ಪದ. ಹೊತ್ತು ಹೋಗದಿದ್ದರೂ ಬೇಜಾರು, ದುಃಖವಾದರೂ ಬೇಜಾರು, ಯಾರ ಮೇಲಾದರೂ ಮುನಿಸಾದರೂ ಬೇಜಾರು. ಜಿಡಿಎಸ್‌ನ 4ನೇ ಪ್ರಶ್ನೆ ಹೊತ್ತು ಹೋಗದಿರುವುದರ ಬಗ್ಗೆ. ಪಿಎಚ್‌ಕ್ಯೂನ 2ನೇ ಪ್ರಶ್ನೆ ಮನಸ್ಸು ಕುಗ್ಗುವುದರ ಬಗ್ಗೆ. ಮನೆಯವರು ಅಲ್ಲೇ ಅನುವಾದ ಮಾಡಿದರೆ ಎರಡೂ "ಬೇಜಾರಾಗುತ್ತಾ" ಅಂತಲೇ ಆಗುತ್ತವೆ. ಉತ್ತರ ಯಾವ ಬೇಜಾರಿಗೆ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಿಎಚ್‌ಕ್ಯೂ-9ಕ್ಕೆ ಕನ್ನಡದ ಫಾರಂ ಇದೆ, ಕೇಳಿ ಪಡೆಯಿರಿ.

ಕೀಳು ಭಾವನೆಯ ಪ್ರಶ್ನೆಗೆ 0 ಬಂದಿದೆ. ನೀವು ಯಾವ ಪದ ಬಳಸಿ ಕೇಳಿದಿರಿ?

ಕತ್ತರಿಗುಪ್ಪೆ ಮಗಳು

"ನೀವು ನಿಷ್ಪ್ರಯೋಜಕ ಅನ್ನಿಸುತ್ತಾ ಅಪ್ಪಾ" ಅಂದೆ. "ಛೆ, ಏನು ಮಾತು ಅದು" ಅಂತ ರೇಗಿದರು.

ಮನಶ್ಶಾಸ್ತ್ರಜ್ಞೆ, ಜಯನಗರ

ರೇಗುವುದು ಸಹಜ. ಮಗಳ ಬಾಯಲ್ಲಿ ಅದು ಬೈಗುಳದಂತೆ ಕೇಳಿಸುತ್ತದೆ. ನಮ್ಮ ಹಿರಿಯರು ಈ ಭಾವನೆಯನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ. "ಭೂಮಿಗೆ ಭಾರ ಆಗಿದ್ದೀನಿ", "ಮಕ್ಕಳಿಗೆ ತೊಂದರೆ ಕೊಡ್ತಿದ್ದೀನಿ". ಕೇಳುವವರು ಆ ಮಾತು ಬಳಸಬೇಕು. ಮತ್ತು ಕೇಳುವವರು ನೀವಾಗಿರಬಾರದು.

ಈಗ ಆ 13. ಅದರಲ್ಲಿ ನಿದ್ದೆ 3, ಸುಸ್ತು 3, ಹಸಿವು 2, ನಿಧಾನ 1. ಒಟ್ಟು 9 ಮೈಗೆ ಸೇರಿದ್ದು. ಹಾಗಾದರೆ ಅದು ಬರೀ ಸಕ್ಕರೆ ಕಾಯಿಲೆ ಅಂತ ನಿಮ್ಮ ಅಣ್ಣ ಹೇಳಬಹುದು. ದಯವಿಟ್ಟು ಹಾಗೆ ಕಳೆಯಬೇಡಿ. ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಮೈಯ ಮೂಲಕವೇ ಮಾತಾಡುತ್ತದೆ. ತಲೆ ಭಾರ, ಎದೆ ಭಾರ, ಹೊಟ್ಟೆ ಉಬ್ಬರ, ಕೈಕಾಲು ಸೆಳೆತ ಅಂತಾರೆ. ಅಳುವುದೇ ಇಲ್ಲ. ಮೊದಲು ಎಲ್ಲಾ ಲಕ್ಷಣಗಳನ್ನೂ ಎಣಿಸಬೇಕು, ಆಮೇಲೆ ಕಾರಣ ಹುಡುಕಬೇಕು. ನಿದ್ದೆಯಿಂದ ಎದ್ದದ್ದು ಮೂತ್ರಕ್ಕೋ ಅಥವಾ ಎಚ್ಚರವಾಗಿ ಅಮ್ಮನ ಯೋಚನೆ ಬಂದೋ? ಇದನ್ನು ಕೇಳದೆ ಅಂಕ ಕಳೆಯುವುದು ತಪ್ಪು.

ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಅದರಿಂದಲೂ ಸುಸ್ತು, ಮಂಕುತನ ಬರುತ್ತದೆ.

ಸಂಶೋಧನಾ ವಿದ್ಯಾರ್ಥಿ, ಕೆಂಗೇರಿ

"ಯಾವ ಸ್ಕೇಲ್ ಸರಿ" ಅನ್ನುವುದಕ್ಕೆ ನನ್ನ ಉತ್ತರ. ಇವೆಲ್ಲಾ ಜರಡಿಗಳು. ರವೆ ಜರಡಿಯ ಕಣ್ಣು ಬೇರೆ, ಹಿಟ್ಟಿನ ಜರಡಿಯ ಕಣ್ಣು ಬೇರೆ. ಎಷ್ಟು ಅಂಕ ಬಂದರೆ ವಿಚಾರಿಸಬೇಕು ಅನ್ನುವ ಗೆರೆಯನ್ನು ಕೆಳಗೆ ಎಳೆದರೆ ಖಿನ್ನತೆ ಇರುವವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಇಲ್ಲದವರೂ ಸಿಕ್ಕಿಕೊಳ್ಳುತ್ತಾರೆ. ಮೇಲೆ ಎಳೆದರೆ ಸಿಕ್ಕಿದವರು ಬಹುತೇಕ ನಿಜವಾದ ರೋಗಿಗಳು, ಆದರೆ ಹಲವರು ಜಾರಿ ಹೋಗುತ್ತಾರೆ. ಶಿಬಿರದಲ್ಲಿ ಸಣ್ಣ ಕಣ್ಣಿನ ಜರಡಿ ಬೇಕು. ಔಷಧ ಶುರು ಮಾಡುವ ಮುಂಚೆ ಯಾವ ಜರಡಿಯೂ ಸಾಲದು, ಮನೋವೈದ್ಯರು ಕೂತು ಮಾತಾಡಲೇಬೇಕು.

ಜಾರಿ ಹೋಗುವವರು ಎಷ್ಟು ಜನ ಅಂತ ಒಂದು ಲೆಕ್ಕ ಇದೆ. ಕೇಂದ್ರ ಸರ್ಕಾರ 2017-18ರಲ್ಲಿ ದೇಶದ ಹಿರಿಯರ ಬಗ್ಗೆ ಮಾಡಿಸಿದ ಲಾಸಿ ಅನ್ನುವ ಸಮೀಕ್ಷೆಯಲ್ಲಿ, ಪ್ರಶ್ನೆ ಕೇಳಿ ನೋಡಿದಾಗ 60 ದಾಟಿದವರಲ್ಲಿ ಶೇ. 8.3 ಜನರಿಗೆ ಖಿನ್ನತೆ ಇರುವ ಸಾಧ್ಯತೆ ಕಂಡಿತು. ಆದರೆ ಡಾಕ್ಟರ್ ನಮಗೆ ಖಿನ್ನತೆ ಇದೆ ಅಂದಿದ್ದಾರೆ ಅಂತ ಹೇಳಿದವರು ಶೇ. 0.8 ಮಾತ್ರ. ಹತ್ತರಲ್ಲಿ ಒಂದು ಭಾಗ.

ಸಿಇಎಸ್-ಡಿ ಅಂತ ಇನ್ನೊಂದಿದೆ, 1977ರದ್ದು, 20 ಪ್ರಶ್ನೆ. ಸಮೀಕ್ಷೆಗಳಿಗೆ ಮಾಡಿದ್ದು. ಬೆಕ್ ಪಟ್ಟಿಯಲ್ಲಿ 21 ಗುಂಪು, ಒಂದೊಂದರಲ್ಲೂ ಹಲವು ವಾಕ್ಯ ಓದಿ ಒಂದನ್ನು ಆರಿಸಬೇಕು. ಕಣ್ಣು ಮಂಜಾದವರಿಗೆ ಅದು ತುಂಬಾ ಕಷ್ಟ.

ಸಿಸ್ಟರ್, ಯಶವಂತಪುರ

ಕೆಲಸದಲ್ಲಿ ನಾನು ಕಂಡುಕೊಂಡದ್ದು ಹೇಳ್ತೀನಿ.

ಓದು ಬರಹ ಕಡಿಮೆ ಇರುವವರಿಗೆ, ಬೇಗ ಸುಸ್ತಾಗುವವರಿಗೆ ಜಿಡಿಎಸ್ ಸುಲಭ. ಹೌದು, ಇಲ್ಲ ಅಷ್ಟೇ. ಪಿಎಚ್‌ಕ್ಯೂನಲ್ಲಿ "ಕೆಲವು ದಿನ", "ಅರ್ಧಕ್ಕಿಂತ ಜಾಸ್ತಿ ದಿನ", "ಹೆಚ್ಚುಕಡಿಮೆ ದಿನಾ" ಅಂತ ಆರಿಸಬೇಕು. ಹಿಂದಿನ ಎರಡು ವಾರ ಅಂದರೆ ಅಜ್ಜಿಯಂದಿರು ಗೊಂದಲ ಆಗ್ತಾರೆ. ನಾನು ಹುಣ್ಣಿಮೆ, ಅಮಾವಾಸ್ಯೆ ಹಿಡಿದು ಕೇಳ್ತೀನಿ. "ಅಮಾವಾಸ್ಯೆ ಆದ ಮೇಲೆ ಇವತ್ತಿನವರೆಗೆ ಎಷ್ಟು ರಾತ್ರಿ ನಿದ್ದೆ ಬರಲಿಲ್ಲ ಅಜ್ಜಿ?" ಒಂದು ಪಕ್ಷ ಅಂದರೆ ಸುಮಾರು ಹದಿನೈದು ದಿನ. ಬೆರಳು ಮಡಚಿ ಎಣಿಸಿ ಹೇಳ್ತಾರೆ.

ಆದರೆ ಜಿಡಿಎಸ್-15ರಲ್ಲಿ ಒಂದು ದೊಡ್ಡ ಕೊರತೆ ಇದೆ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳುವ ಪ್ರಶ್ನೆಯೇ ಇಲ್ಲ. ಪಿಎಚ್‌ಕ್ಯೂನಲ್ಲಿ 9ನೇದು ಅದೇ. ನಾನು ಜಿಡಿಎಸ್ ಮಾಡಿದರೆ ಕೊನೆಗೆ ಅದನ್ನು ತಪ್ಪದೆ ಕೇಳ್ತೀನಿ. "ದೇವರು ಬೇಗ ಕರೆಸಿಕೊಳ್ಳಬಾರದಾ" ಅಂತ ಬಹಳ ಜನ ಹೇಳ್ತಾರೆ. ಅದನ್ನು ಮಾಮೂಲಿ ಮಾತು ಅಂತ ಬಿಡಬೇಡಿ. "ನೀವೇ ಏನಾದರೂ ಮಾಡಿಕೊಳ್ಳೋಣ ಅನ್ನಿಸಿದೆಯಾ, ಹೇಗೆ ಅಂತ ಯೋಚನೆ ಬಂದಿದೆಯಾ" ಅಂತ ಮೆಲ್ಲಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡ್ತಾರೆ.

ಕಿವಿಯಂತ್ರ ಹಾಕಿದ್ದಾರಾ ಅಂತಲೂ ನೋಡಿಕೊಳ್ಳಿ. ಕೇಳಿಸದೆ ಸುಮ್ನೆ ಹೂಂ ಅನ್ನುವವರು ಬಹಳ ಇದ್ದಾರೆ.

ಮಲ್ಲೇಶ್ವರದ ಮಗ

ನಮ್ಮ ತಾಯಿಗೆ 79, ಮರೆವಿನ ಕಾಯಿಲೆ. ಅವರ ವಿಷಯದಲ್ಲಿ ಈ ಎರಡೂ ಪಟ್ಟಿ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ಜಿಡಿಎಸ್ ಕೇಳಿದರೆ 3, ಸಂಜೆ ಕೇಳಿದರೆ 10. "ಸಂತೋಷವಾಗಿದ್ದೀರಾ" ಅಂದರೆ ನಗುತ್ತಾ ಹೌದು ಅನ್ನುವರು, ಅವತ್ತು ಊಟ ಮುಟ್ಟಿರುವುದಿಲ್ಲ.

ಆಮೇಲೆ ಹೋದ ಡಾಕ್ಟರ್ ಕಾರ್ನೆಲ್ ಸ್ಕೇಲ್ ಬಳಸಿದರು. 1988ರಲ್ಲಿ ಮರೆವಿನ ರೋಗಿಗಳಿಗೆಂದೇ ಮಾಡಿದ್ದು. 19 ಅಂಶ, ಒಂದೊಂದಕ್ಕೆ 0ಯಿಂದ 2, ಒಟ್ಟು 38. ಮೊದಲು ನೋಡಿಕೊಳ್ಳುವವರನ್ನು ಕೂರಿಸಿ ಹಿಂದಿನ ವಾರದ ಬಗ್ಗೆ ಕೇಳುತ್ತಾರೆ, ಆಮೇಲೆ ರೋಗಿಯನ್ನು ನೋಡುತ್ತಾರೆ. ಬೆಳಗಿನ ಜಾವ ಬೇಗ ಎಚ್ಚರವಾಗುತ್ತಾ, ಬೆಳಿಗ್ಗೆ ಮಂಕು ಜಾಸ್ತಿಯಾ, ಸಿಡುಕುತ್ತಾರಾ, ಮೊಮ್ಮಕ್ಕಳು ಬಂದರೆ ಮುಖ ಅರಳುತ್ತಾ, ಇಂಥವು. 10 ದಾಟಿದರೆ ಖಿನ್ನತೆ ಇರುವ ಸಾಧ್ಯತೆ ಹೆಚ್ಚು. ನಮ್ಮ ತಾಯಿಗೆ 14 ಬಂತು.

ಒಂದು ಎಚ್ಚರ. ಅವತ್ತು ನಾನು ಮೂರು ರಾತ್ರಿ ನಿದ್ದೆಗೆಟ್ಟಿದ್ದೆ. ಎಲ್ಲಕ್ಕೂ 2 ಅನ್ನುತ್ತಿದ್ದೆ. ಹಗಲು ಬರುವ ಆಯಾಳನ್ನು ಬೇರೆ ಕೂರಿಸಿ ಕೇಳಿದಾಗ ಕೆಲವು 1 ಆದವು. 14 ಅನ್ನುವುದು ಆಮೇಲೆ ಬಂದದ್ದು. ನೋಡಿಕೊಳ್ಳುವವರ ಆಯಾಸವೂ ಆ ಅಂಕದಲ್ಲಿ ಸೇರಿಬಿಡುತ್ತದೆ.

ನಿವೃತ್ತ ಮೇಷ್ಟ್ರು, ಹನುಮಂತನಗರ

ಮೇಡಂ, ನನ್ನದೊಂದು ಪ್ರಶ್ನೆ. ಹೆಂಡತಿ ಹೋದ ದುಃಖವನ್ನೂ ಈ ಪಟ್ಟಿಗಳು ಕಾಯಿಲೆ ಅಂತ ಎಣಿಸುತ್ತವೆಯೇ? ನಲವತ್ತು ವರ್ಷ ಜೊತೆಗಿದ್ದವಳು.

ಮನಶ್ಶಾಸ್ತ್ರಜ್ಞೆ, ಜಯನಗರ

ಪಟ್ಟಿಗೆ ಆ ವ್ಯತ್ಯಾಸ ಗೊತ್ತಿಲ್ಲ ಸರ್. ಅದು ಲಕ್ಷಣ ಎಣಿಸುತ್ತದೆ, ಅಷ್ಟೇ. ಅಗಲಿಕೆಯ ದುಃಖ ಅಲೆ ಅಲೆಯಾಗಿ ಬರುತ್ತದೆ. ಹಳೆಯ ಸೀರೆ ಕಂಡಾಗ ಕಣ್ಣು ತುಂಬುತ್ತದೆ, ಅರ್ಧ ಗಂಟೆಗೆ ಮೊಮ್ಮಗನ ಮಾತಿಗೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಆ ನಗು ಬರುವುದಿಲ್ಲ, ತಾನು ಯಾಕಾದರೂ ಇದ್ದೇನೆ ಅನ್ನುವುದು ಬಿಡದೆ ಇರುತ್ತದೆ. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ದುಃಖ ಇದೆ ಅನ್ನುವ ಕಾರಣಕ್ಕೆ ಚಿಕಿತ್ಸೆ ತಪ್ಪಬಾರದು. ನೀವು ಯಾವಾಗ ಬೇಕಾದರೂ ನನಗೆ ಇಲ್ಲಿ ಸಂದೇಶ ಕಳಿಸಿ, ಮಾತಾಡೋಣ.

ಕತ್ತರಿಗುಪ್ಪೆಯವರೇ, ಮನೋವೈದ್ಯರ ಹತ್ತಿರ ಹೋದರೆ ಹ್ಯಾಮಿಲ್ಟನ್ ಅಥವಾ ಮ್ಯಾಡ್ರಸ್ ಅನ್ನುವ ಹೆಸರು ಕೇಳಬಹುದು. ಇವನ್ನು ನೀವು ತುಂಬುವುದಲ್ಲ, ಅವರೇ ಮಾತಾಡಿಸಿ ಅಂಕ ಹಾಕುತ್ತಾರೆ. ಹ್ಯಾಮಿಲ್ಟನ್ 1960ರದ್ದು, 17 ಅಂಶ. ಖಿನ್ನತೆ ಇದೆ ಅಂತ ಆಗಲೇ ಗೊತ್ತಾದವರಲ್ಲಿ ಅದು ಎಷ್ಟಿದೆ ಅಂತ ಅಳೆಯಲು ಮಾಡಿದ್ದು. ಅದರಲ್ಲಿ ನಿದ್ದೆಗೇ ಮೂರು ಅಂಶ. ವಯಸ್ಸಾದವರಲ್ಲಿ ಅಂಕ ಏರಿಬಿಡುತ್ತದೆ. ಮ್ಯಾಡ್ರಸ್ 1979ರದ್ದು, 10 ಅಂಶ, ಒಟ್ಟು 60. ಚಿಕಿತ್ಸೆಯಿಂದ ಆಗುವ ಬದಲಾವಣೆ ಹಿಡಿಯಲೆಂದೇ ಮಾಡಿದ್ದು, ಮೈಯ ಲಕ್ಷಣ ಕಡಿಮೆ. ಹಿರಿಯರಿಗೆ ನನ್ನ ಒಲವು ಮ್ಯಾಡ್ರಸ್ ಕಡೆಗೆ.

ಯಾವುದಾದರೂ ಸರಿ, ಶುರು ಮಾಡಿದ್ದನ್ನೇ ಮುಂದುವರಿಸಿ. ಮೊದಲ ಸಲ ಜಿಡಿಎಸ್, ಎರಡನೇ ಸಲ ಪಿಎಚ್‌ಕ್ಯೂ ಮಾಡಿ 7ರಿಂದ 13ಕ್ಕೆ ಏರಿತು ಅಂದುಕೊಂಡರೆ, ಸೇರಿನಲ್ಲಿ ಅಳೆದದ್ದನ್ನು ಪಾವಿನಲ್ಲಿ ಅಳೆದದ್ದಕ್ಕೆ ಹೋಲಿಸಿದ ಹಾಗೆ.

ಕತ್ತರಿಗುಪ್ಪೆ ಮಗಳು

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಉತ್ತರ ಕೊಟ್ಟ ಒಬ್ಬೊಬ್ಬರಿಗೂ ಹೇಳಬೇಕಿತ್ತು.

ಅಣ್ಣನಿಗೆ ಸಿಸ್ಟರ್ ಹೇಳಿದ 7ರ ಲೆಕ್ಕ ಫೋನಿನಲ್ಲಿ ಓದಿ ಹೇಳಿದೆ. ಅವನೇ ರಜೆ ಹಾಕಿ ಬಂದ. ವಯಸ್ಸಾದವರನ್ನೇ ನೋಡುವ ಮನೋವೈದ್ಯರಿಗೆ ತೋರಿಸಿದೆವು. ಅವರು ನಮ್ಮಿಬ್ಬರನ್ನೂ ಹೊರಗೆ ಕೂರಿಸಿ ಅಪ್ಪನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಕನ್ನಡ ಫಾರಂನಲ್ಲಿ ಪಿಎಚ್‌ಕ್ಯೂ ಮತ್ತೆ ಮಾಡಿಸಿದರು. ಈ ಸಲ 15. ಕೀಳು ಭಾವನೆಯ ಪ್ರಶ್ನೆಗೆ ನನ್ನ ಹತ್ತಿರ 0 ಇದ್ದದ್ದು 2 ಆಗಿತ್ತು. "ಮಗಳಿಗೆ ಭಾರ ಆಗಿದ್ದೀನಿ" ಅಂದರಂತೆ. ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತಾಗಲಿಲ್ಲ.

ಮ್ಯಾಡ್ರಸ್ 22 ಬಂತು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಖಿನ್ನತೆಗೆ ಸಣ್ಣ ಪ್ರಮಾಣದ ಮಾತ್ರೆ ಶುರು ಮಾಡಿದರು, ಎರಡು ವಾರಕ್ಕೆ ಸೋಡಿಯಂ ಪರೀಕ್ಷೆ ಮಾಡಿಸಿದರು. ವಯಸ್ಸಾದವರಲ್ಲಿ ಈ ಮಾತ್ರೆಯಿಂದ ಅದು ಇಳಿಯಬಹುದಂತೆ. ಎಂಟು ವಾರಕ್ಕೆ ಮ್ಯಾಡ್ರಸ್ 11 ಆಯಿತು. ಅರ್ಧಕ್ಕೆ ಇಳಿದರೆ ಚಿಕಿತ್ಸೆ ಹಿಡಿಸುತ್ತಿದೆ ಅಂತ ಲೆಕ್ಕವಂತೆ. ಪಿಎಚ್‌ಕ್ಯೂ 7. ಅದರಲ್ಲಿ ನಿದ್ದೆಯ 2 ಹಾಗೇ ಇದೆ, ರಾತ್ರಿ ಮೂತ್ರಕ್ಕೆ ಏಳುವುದು ತಪ್ಪಿಲ್ಲ.

ಮಂಡಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಪಾರ್ಕಿಗೆ ಇನ್ನೂ ಹೋಗುತ್ತಿಲ್ಲ, ಗೇಟಿನವರೆಗೆ ಹೋಗಿ ಪೇಪರ್ ತಾವೇ ತರುತ್ತಾರೆ.

ಹೋದ ವಾರ ಸಿಸ್ಟರ್ ನಮ್ಮ ಮನೆಗೆ ಬಂದು ಜಿಡಿಎಸ್ ಮಾಡಿದರು. 4 ಬಂತು, ಈ ಸಲ ಸರಿಯಾದ 4. "ಬಹಳ ಹೊತ್ತು ಸಂತೋಷವಾಗಿರುತ್ತೀರಾ" ಅನ್ನುವುದಕ್ಕೆ ಅಪ್ಪ ಯೋಚಿಸಿ "ಇಲ್ಲ" ಅಂದರಂತೆ. ಆಮೇಲೆ ನನ್ನನ್ನು ಕರೆದು, "ನಿಮ್ಮಮ್ಮ ಇಲ್ಲ, ಅದಕ್ಕೆ ಹೌದು ಅನ್ನೋಕಾಗಲ್ಲ. ಆ ಒಂದು ಅಂಕ ಇರಲಿ ಬಿಡು" ಅಂದರು.

ಮಲ್ಲೇಶ್ವರದವರೇ, ನಿಮ್ಮ ತಾಯಿಯ ಡಾಕ್ಟರ್ ಯಾವ ದಿನ ನೋಡುತ್ತಾರೆ ತಿಳಿಸಿ. ನಮ್ಮ ಪಕ್ಕದ ಮನೆ ಅಜ್ಜಿಗೆ ಮರೆವು ಶುರುವಾಗಿದೆ, ಊಟ ಬಿಟ್ಟಿದ್ದಾರೆ. ಅವರಿಗೂ ಅದೇ ಶಿಬಿರದಲ್ಲಿ ನಾರ್ಮಲ್ ಅಂತ ಬರೆದಿದ್ದಾರೆ.